22 ಪಂದ್ಯ, ಗೆದ್ದಿದ್ದು ಬರೀ 2: ಬುಲ್ಸ್ ಕೋಚ್ ಹೊರಟರು, ಆದ್ರೆ ತಪ್ಪೆಲ್ಲ ಅವರದ್ದೇನಾ?

ಮಾಗಡಿ: ಪ್ರೊ ಕಬಡ್ಡಿ ಶುರುವಾದ 2014ರಿಂದ ಬೆಂಗಳೂರು ಬುಲ್ಸ್ ತಂಡದ ಬೆಂಚಿನ ಮೇಲೆ ಕಾಣುತ್ತಿದ್ದ ಮುಖ ಒಂದೇ. ಆಟಗಾರರು ಬಂದರು, ಹೋದರು, ಕ್ಯಾಪ್ಟನ್‌ಗಳು ಬದಲಾದರು. ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಮಾತ್ರ ಹನ್ನೊಂದು ಸೀಸನ್ ಅಲ್ಲೇ ಇದ್ದರು. ಬೇರೆ ಯಾವ ತಂಡದಲ್ಲೂ ಒಬ್ಬ ಕೋಚ್ ಇಷ್ಟು ಕಾಲ ಉಳಿದಿಲ್ಲ. ಈಗ ಆ ಕುರ್ಚಿ ಖಾಲಿಯಾಗಿ, ಕನ್ನಡಿಗ ಬಿ.ಸಿ. ರಮೇಶ್ ಅವರಿಗೆ ಸಿಕ್ಕಿದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2024ರ ಅಕ್ಟೋಬರ್ 18ರಿಂದ ಡಿಸೆಂಬರ್ 29ರವರೆಗೆ ನಡೆದ 11ನೇ ಸೀಸನ್‌ನಲ್ಲಿ ಬುಲ್ಸ್ ಆಡಿದ್ದು 22 ಲೀಗ್ ಪಂದ್ಯ. ಗೆಲುವು 2, ಟೈ 1, ಸೋಲು 19. ಆ ಸೀಸನ್‌ನಲ್ಲಿ ಗೆದ್ದರೆ 5 ಪಾಯಿಂಟ್, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಸಿಗುತ್ತಿತ್ತು. ಈ ಲೆಕ್ಕದಲ್ಲಿ 110 ಪಾಯಿಂಟ್‌ಗೆ ಅವಕಾಶವಿತ್ತು, ಬುಲ್ಸ್‌ಗೆ ಸಿಕ್ಕಿದ್ದು 19. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ.

ಕಲ್ಯ, ಕುದೂರು, ಸೋಲೂರು ಕಡೆ ಹಬ್ಬ-ಜಾತ್ರೆ ಬಂದರೆ ಲೈಟು ಕಟ್ಟಿ ಕಬಡ್ಡಿ ಆಡಿಸುವ ಜನರಿಗೆ ಇದು ಬರೀ ಟಿವಿ ಸುದ್ದಿಯಲ್ಲ. ಕೋಚ್ ಬದಲಾದರೆ ತಂಡ ಸರಿಹೋಗುತ್ತಾ? ಅದಕ್ಕಿಂತ ಮುಖ್ಯವಾಗಿ, ನಮ್ಮ ಕಡೆ ಹುಡುಗರಿಗೆ ಇದರಿಂದ ಏನಾದರೂ ದಾರಿ ಆಗುತ್ತಾ?

ಮರೆಯಬಾರದ ಹಳೇ ಲೆಕ್ಕ

ಸೋತವರ ಮೇಲೆ ಕಲ್ಲು ಎಸೆಯೋದು ಸುಲಭ. ಹಾಗಂತ ರಣಧೀರ್ ಮಾಡಿದ್ದನ್ನು ಅಳಿಸಲಾಗದು. ಮೊದಲ ಸೀಸನ್‌ನಲ್ಲೇ ತಂಡ ಸೆಮಿಫೈನಲ್ ತಲುಪಿತ್ತು. 2015ರ ಎರಡನೇ ಸೀಸನ್ ಫೈನಲ್‌ನಲ್ಲಿ ಯು ಮುಂಬಾ ವಿರುದ್ಧ 30–36ರಿಂದ ಸೋತಿತು. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಕಪ್ ಎತ್ತಿತು. ಆಮೇಲೆ 7, 8, 9ನೇ ಸೀಸನ್‌ಗಳಲ್ಲಿ ಸಾಲಾಗಿ ಮೂರು ಸಲ ಸೆಮಿಫೈನಲ್.

ಪವನ್ ಸೆಹ್ರಾವತ್ ಎಂಬ ಹುಡುಗ ಪ್ರೊ ಕಬಡ್ಡಿಗೆ ಕಾಲಿಟ್ಟಿದ್ದು ಇದೇ ಬುಲ್ಸ್ ಮೂಲಕ. ನಡುವೆ ಗುಜರಾತ್‌ಗೆ ಹೋಗಿ 6ನೇ ಸೀಸನ್‌ಗೆ ವಾಪಸ್ ಬಂದಾಗ ಆತ ಆ ಒಂದೇ ಸೀಸನ್‌ನಲ್ಲಿ ಗಳಿಸಿದ್ದು 271 ರೇಡ್ ಪಾಯಿಂಟ್. ಮುಂದಿನ ಸೀಸನ್‌ನಲ್ಲಿ 346. ಕಪ್ ಗೆದ್ದ ಫೈನಲ್‌ನಲ್ಲಿ ಒಬ್ಬನದೇ 22 ಪಾಯಿಂಟ್. ದೊಡ್ಡ ಹೆಸರು ಕೊಂಡು ತರುವುದಕ್ಕಿಂತ ಹೆಸರಿಲ್ಲದವನನ್ನು ಬೆಳೆಸುವುದೇ ಆಗ ಬುಲ್ಸ್ ತಂಡದ ಬಲವಾಗಿತ್ತು.

ಎಡವಿದ್ದು ಎಲ್ಲಿ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ಬಂದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಗೂಡು ಕೈಯಲ್ಲಿ ಹಿಡಿದು ನೋಡದೆ, ಹೋದ ಸಲ ಆ ರೈತನ ಲಾಟು ಚೆನ್ನಾಗಿತ್ತು ಅಂತ ಹೆಸರಿನ ಮೇಲೇ ಕೂಗಿದರೆ, ನಷ್ಟ ಗೊತ್ತಾಗೋದು ನೂಲು ತೆಗೆಯುವಾಗ. ಆಟಗಾರರ ಹರಾಜೂ ಹಾಗೇ.

8ನೇ ಸೀಸನ್ ಮುಗಿದ ಮೇಲೆ ಪವನ್ ಕೈತಪ್ಪಿದರು. ತಮಿಳ್ ತಲೈವಾಸ್ 2.26 ಕೋಟಿಗೆ ಎತ್ತಿಕೊಂಡಿತು. ಆ ಜಾಗ ತುಂಬಿದವರು ಭರತ್. ಅವರೂ 9ನೇ ಸೀಸನ್‌ನಲ್ಲಿ ರೇಡ್‌ನಲ್ಲಿ ಮಿಂಚಿದರು. 10ನೇ ಸೀಸನ್‌ನಲ್ಲಿ ತಂಡ ಪ್ಲೇಆಫ್ ತಪ್ಪಿಸಿಕೊಂಡಿತು, ಭರತ್ ಕೂಡ ಹೊರಹೋಗಿ ಯುಪಿ ಯೋಧಾಸ್ ಸೇರಿದರು. ಬದಲಿಗೆ ಬಂದದ್ದು 70 ಲಕ್ಷಕ್ಕೆ ಪ್ರದೀಪ್ ನರ್ವಾಲ್.

ಪ್ರದೀಪ್ ಸಾಮಾನ್ಯ ಆಟಗಾರರಲ್ಲ. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟ್ ಅವರದ್ದು. 2015ರಲ್ಲಿ ಪ್ರೊ ಕಬಡ್ಡಿ ಆರಂಭಿಸಿದ್ದೂ ಬುಲ್ಸ್‌ನಲ್ಲೇ. ಆದರೆ ಪಟ್ನಾ ಪರ ಒಂದೇ ಸೀಸನ್‌ನಲ್ಲಿ 369 ರೇಡ್ ಪಾಯಿಂಟ್ ಹೊಡೆದಿದ್ದು 2017ರಲ್ಲಿ. ಏಳು ವರ್ಷದ ಹಿಂದಿನ ಕಾಲು ಈಗಲೂ ಅಷ್ಟೇ ವೇಗವಾಗಿ ಓಡಲಿ ಅಂದರೆ ಹೇಗೆ?

ಕಬಡ್ಡಿಯಲ್ಲಿ ಮುಖ್ಯ ರೇಡರ್ ಸಿಕ್ಕಿಬಿದ್ದರೆ ನಷ್ಟ ಒಂದು ಪಾಯಿಂಟ್‌ಗೆ ನಿಲ್ಲೋದಿಲ್ಲ. ಆತ ಹೊರಗೆ ಕೂರಬೇಕು. ತಂಡ ಬೇರೆಯವರಿಂದ ಪಾಯಿಂಟ್ ತಂದರೆ ಮಾತ್ರ ಒಳಗೆ ಬರಬಹುದು. ಅಲ್ಲಿಯವರೆಗೆ ಕೋರ್ಟ್‌ನಲ್ಲಿ ಜನ ಕಡಿಮೆಯಾಗ್ತಾ ಹೋಗಿ ಕೊನೆಗೆ ಆಲ್‌ಔಟ್, ಎದುರಾಳಿಗೆ ಮತ್ತೆ 2 ಪಾಯಿಂಟ್. ಎರಡನೇ, ಮೂರನೇ ರೇಡರ್ ಗಟ್ಟಿಯಿಲ್ಲದ ತಂಡಕ್ಕೆ ಇದು ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಗಾಡಿ ಇದ್ದಂಗೆ. 11ನೇ ಸೀಸನ್‌ನ ಮೊದಲ ಪಂದ್ಯದಲ್ಲೇ ತೆಲುಗು ಟೈಟನ್ಸ್ ವಿರುದ್ಧ ಬುಲ್ಸ್ 29–37ರಿಂದ ಸೋತಿತು. ಎದುರಿಗೆ ನಿಂತು ಪಾಯಿಂಟ್ ಬಾಚಿದ ಕ್ಯಾಪ್ಟನ್ ಯಾರು? ಬುಲ್ಸ್ ಬೆಳೆಸಿ ಕಳೆದುಕೊಂಡ ಅದೇ ಪವನ್.

ಹಾಗಾಗಿ ಸೋಲು ಮ್ಯಾಟ್ ಮೇಲೆ ಶುರುವಾಗಿದ್ದಲ್ಲ, ಹರಾಜಿನ ಮೇಜಿನಲ್ಲೇ ಶುರುವಾಗಿತ್ತು. ಹನ್ನೊಂದು ವರ್ಷ ಅಲ್ಲೇ ಇದ್ದ ಕೋಚ್‌ಗೆ ಅದರಲ್ಲಿ ಪಾಲಿದೆ. ಆದರೆ ದುಡ್ಡಿನ ಚೀಲ ಹಿಡಿದು ಕೂರುವ ಮಾಲೀಕರಿಗೂ ಅಷ್ಟೇ ಪಾಲಿದೆ. ಕೋಚ್ ಮಾತ್ರ ಹೊರಟರೆ ಅರ್ಧ ಲೆಕ್ಕ ಹಾಗೇ ಉಳಿಯುತ್ತದೆ.

ರಮೇಶ್ ಕೈಯಲ್ಲಿ ಮಂತ್ರದಂಡ ಇದೆಯಾ?

ಹೊಸ ಕೋಚ್ ಬಗ್ಗೆ ಜನರಿಗೆ ಆಸೆ ಇರೋದು ಸಹಜ. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಬುಲ್ಸ್ ಕಪ್ ಗೆದ್ದ 6ನೇ ಸೀಸನ್‌ನಲ್ಲಿ ಇದೇ ತಂಡದ ತರಬೇತಿ ಬಳಗದಲ್ಲಿದ್ದರು. 2019ರಲ್ಲಿ ಅವರ ಕೋಚಿಂಗ್‌ನಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಿತು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್, ಹರಿಯಾಣವನ್ನು 28–25ರಿಂದ ಸೋಲಿಸಿ ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಪುಣೆ 22 ಲೀಗ್ ಪಂದ್ಯದಲ್ಲಿ 17 ಗೆದ್ದು, 3 ಟೈ ಮಾಡಿ, ಸೋತಿದ್ದು ಎರಡೇ.

ಆದರೆ ಒಂದು ವಿಷಯ ಗಮನಿಸಬೇಕು. ಅದೇ ಕೋಚ್, ಅದೇ ಪುಣೆ, ಮುಂದಿನ ಸೀಸನ್‌ನಲ್ಲಿ ಪ್ಲೇಆಫ್‌ಗೂ ಹೋಗಲಿಲ್ಲ. ಕ್ಯಾಪ್ಟನ್ ಅಸ್ಲಂ ಇನಾಮ್‌ದಾರ್ ಗಾಯಗೊಂಡು ಹೊರಗುಳಿದದ್ದು ದೊಡ್ಡ ಪೆಟ್ಟಾಯಿತು. ಅಂದ್ರೆ ರಮೇಶ್ ಬಂದ ತಕ್ಷಣ ಕಪ್ ಬರುತ್ತೆ ಅನ್ನೋದು ಲೆಕ್ಕಕ್ಕೆ ನಿಲ್ಲದ ಮಾತು. ಪುಣೆಯ ಗೆಲುವಿನ ಹಿಂದೆ ಕೋಚ್ ಇದ್ದಂತೆ, ಯುವ ಪಲ್ಟನ್ ಹೆಸರಲ್ಲಿ ಹುಡುಗರನ್ನು ತಯಾರು ಮಾಡುವ ವ್ಯವಸ್ಥೆಯೂ ಇತ್ತು. ಬುಲ್ಸ್ ಕಲಿಯಬೇಕಾದ್ದು ಅದನ್ನು.

ನಮ್ಮ ತಾಲ್ಲೂಕಿಗೆ ಏನು?

ತಂಡದ ಹೆಸರಲ್ಲಿ ಬೆಂಗಳೂರು ಇದೆ. ಆದರೆ 11ನೇ ಸೀಸನ್ ನಡೆದಿದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ. ಕಂಠೀರವದಲ್ಲಿ ಒಂದು ಪಂದ್ಯವೂ ಇಲ್ಲ. ಮಾಗಡಿಯಿಂದ ಬಸ್ ಹತ್ತಿದರೆ ಮುಟ್ಟುವ ದೂರದಲ್ಲಿ ಕ್ರೀಡಾಂಗಣ ಇದ್ದರೂ ಇಲ್ಲಿನ ಹುಡುಗರು ಬುಲ್ಸ್ ನೋಡಿದ್ದು ಮೊಬೈಲ್‌ನಲ್ಲೇ.

ಕರ್ನಾಟಕದಲ್ಲಿ ಆಟಗಾರರಿಲ್ಲ ಅನ್ನುವಂತಿಲ್ಲ. ಸುಕೇಶ್ ಹೆಗ್ಡೆ ಗುಜರಾತ್ ತಂಡ ಮುನ್ನಡೆಸಿದರು. ಪ್ರಶಾಂತ್ ಕುಮಾರ್ ರೈ ನಾಯಕತ್ವದಲ್ಲಿ ಪಟ್ನಾ 8ನೇ ಸೀಸನ್ ಫೈನಲ್ ಆಡಿತು. ಗಗನ್ ಗೌಡ ಯುಪಿ ಪರ ರೇಡ್ ಮಾಡಿ ಹೆಸರು ಮಾಡಿದರು. ಮೂವರೂ ಬೆಳಗಿದ್ದು ಬೇರೆ ಊರಿನ ಜೆರ್ಸಿಯಲ್ಲಿ!

ಇಲ್ಲಿನ ತೊಂದರೆಯೂ ಗೊತ್ತಿರುವಂಥದ್ದೇ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ದಸರಾ ಕ್ರೀಡಾಕೂಟ ಅಂತ ಮೆಟ್ಟಿಲುಗಳಿವೆ. ಊರಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದವನು ಮೇಲಿನ ಹಂತದಲ್ಲಿ ಮ್ಯಾಟ್ ಮೇಲೆ ಶೂ ಹಾಕಿ ಆಡುವಾಗ ಹಿಡಿತವೇ ಬೇರೆ, ತಿರುಗುವ ರೀತಿಯೇ ಬೇರೆ. 30 ಸೆಕೆಂಡಿನ ರೇಡ್, ಮೂರನೇ ಖಾಲಿ ರೇಡ್‌ಗೆ ಔಟ್ ಮಾಡುವ ಡೂ ಆರ್ ಡೈ ನಿಯಮ, ಇದೆಲ್ಲ ಟಿವಿಯಲ್ಲಿ ನೋಡಿದ್ದೇ ಹೊರತು ಅಭ್ಯಾಸ ಇರೋದಿಲ್ಲ.

ಊರಿನ ಟೂರ್ನಿಗಳಿಗೆ ಶೀಲ್ಡು, ಜೆರ್ಸಿ, ಊಟಕ್ಕೆ ದುಡ್ಡು ಕೊಡೋರು ನಮ್ಮ ಅಂಗಡಿಯವರೇ. ಬಹುಮಾನದ ಮೊತ್ತ ಏರಿಸುವ ಬದಲು ತಾಲ್ಲೂಕಿಗೆ ಒಂದು ಮ್ಯಾಟ್, ತಿಂಗಳಿಗೆ ಎರಡು ದಿನ ನುರಿತ ಕೋಚ್ ಬರುವ ವ್ಯವಸ್ಥೆ ಮಾಡಿಕೊಂಡರೆ ಅದೇ ದುಡ್ಡು ನಾಲ್ಕು ವರ್ಷ ದುಡಿಯುತ್ತದೆ.

ಇನ್ನು ಬುಲ್ಸ್ ನಿಜವಾಗಿ ಬದಲಾಗಿದೆಯಾ ಅಂತ ತಿಳಿಯಲು ಕಪ್‌ವರೆಗೆ ಕಾಯಬೇಕಿಲ್ಲ. ಪ್ರೊ ಕಬಡ್ಡಿಯಲ್ಲಿ ಹರಾಜಿನ ಹೊರಗೆ ಹೊಸ ಯುವ ಆಟಗಾರರನ್ನು ಸೇರಿಸಿಕೊಳ್ಳಲು ತಂಡಗಳಿಗೆ ಅವಕಾಶವಿದೆ. ಆ ಪಟ್ಟಿಯಲ್ಲಿ ಕನ್ನಡದ ಹೆಸರುಗಳು ಎಷ್ಟು, ಅವರಲ್ಲಿ ಎಷ್ಟು ಜನ ಬೆಂಚ್ ಬಿಟ್ಟು ಮ್ಯಾಟ್‌ಗೆ ಇಳಿಯುತ್ತಾರೆ, ಅಷ್ಟು ನೋಡಿದರೆ ಸಾಕು. ಒಂದೂ ಇಲ್ಲ ಅಂದ್ರೆ ಬದಲಾಗಿದ್ದು ಬೆಂಚಿನ ಮೇಲಿನ ಒಂದು ಮುಖ ಮಾತ್ರ.