ಕೂರಲು ಬಾರದ ಶಿಲ್ಪಾಸನ



ಸೌಂದರ್ಯೀಕರಣ ಕಾಮಗಾರಿಯಲ್ಲಿ ನಮ್ಮೂರಿನ ಮುಖ್ಯ ವೃತ್ತದ ಹಳೆಯ ಕಲ್ಲುಬೆಂಚುಗಳನ್ನು ಕಿತ್ತು, ಅಲ್ಲಿ ‘ಶಿಲ್ಪಾಸನ’ಗಳನ್ನು ಇಟ್ಟಿದ್ದಾರೆ. ಆಕಾರ ಚೆಂದವಿದೆ, ಕೆಲಸವೂ ಅಚ್ಚುಕಟ್ಟು. ಆದರೆ ಮೇಲೆ ನೆರಳಿಲ್ಲ. ಪಾಲಿಶ್ ಗ್ರಾನೈಟ್ ಬಿಸಿಲಿಗೆ ಕಾದು ಕೂರಗೊಡುವುದಿಲ್ಲ. ಒರಗಲು ಆಸರೆಯಿಲ್ಲ. ಯಾರೂ ಮಲಗಬಾರದೆಂದು ನಡುನಡುವೆ ಉಕ್ಕಿನ ಸರಳು ಬೇರೆ. ಬಸ್ಸಿಗೆ ಕಾಯುವ ವೃದ್ಧರು ಈಗ ಅಂಗಡಿಗಳ ಮೆಟ್ಟಿಲು ಹುಡುಕುತ್ತಾರೆ.

ಕಾಮಗಾರಿ ಮಾಡಿಸಿದವರನ್ನು ಕೇಳಿದರೆ ‘ಇದು ಕಲೆ, ಬರೀ ಬೆಂಚಲ್ಲ’ ಎಂಬ ಉತ್ತರ. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆಯೇ. ಕಲೆಗೂ ಕೂರುವುದಕ್ಕೂ ಜಗಳವಿದೆ ಎಂದು ಈ ನಾಡಿನವರು ಹೇಳಬಾರದು. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅದರ ತೆರೆದ ಮಂಟಪದ ಗಿಡ್ಡಗೋಡೆಯ ಹೊರಮೈಯಲ್ಲಿ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ 140 ಶಿಲ್ಪಫಲಕಗಳು; ಒಳಮಗ್ಗುಲಲ್ಲಿ ಜನ ಕೂರಲು ಕಲ್ಲಿನ ಜಗಲಿ. ಹೊರಗಿನಿಂದ ನೋಡಿದವನಿಗೆ ಶಿಲ್ಪ, ಒಳಗೆ ಬಂದವನಿಗೆ ಬೆನ್ನಿಗೆ ಆಸರೆ, ತಲೆಯ ಮೇಲೆ ನೆರಳು. ಬಾರ್ಸಿಲೋನಾದ ಪಾರ್ಕ್ ಗುಯೆಲ್ ಉದ್ಯಾನದಲ್ಲಿ ವಾಸ್ತುಶಿಲ್ಪಿಗಳಾದ ಗೌಡಿ ಮತ್ತು ಜುಜೋಲ್ ಮಾಡಿದ್ದೂ ಇದನ್ನೇ. ಎತ್ತರದ ಅಂಗಳದ ಅಂಚಿನ ತಡೆಗೋಡೆಯನ್ನೇ ಹಾವಿನಂತೆ ಬಳುಕಿಸಿ, ಒಡೆದ ಹೆಂಚಿನ ಚೂರುಗಳಿಂದ ಸಿಂಗರಿಸಿ, ಬೆನ್ನಿಗೆ ಒಪ್ಪುವ ಆಸನ ಮಾಡಿದರು. ಪ್ರತಿ ತಿರುವಿನಲ್ಲೂ ನಾಲ್ಕು ಜನ ಎದುರುಬದುರಾಗಿ ಹರಟಬಹುದು.

ಇದಕ್ಕೆ ವಿರುದ್ಧವಾದ ಮಾದರಿ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿದೆ. 2012ರಲ್ಲಿ ಅಲ್ಲಿ ಕಾಂಕ್ರೀಟಿನ ಓರೆಕೋರೆ ಬೆಂಚುಗಳು ಬಂದವು. ನೋಡಲು ಆಧುನಿಕ ಶಿಲ್ಪದಂತಿದ್ದರೂ, ಮನೆಯಿಲ್ಲದವರು ಮಲಗದಂತೆ, ಸ್ಕೇಟ್‌ಬೋರ್ಡ್ ಹುಡುಗರು ಜಾರದಂತೆ ಲೆಕ್ಕಹಾಕಿ ಎರಕ ಹೊಯ್ದವು ಅವು. ಬೇಡದವರನ್ನು ಎಬ್ಬಿಸಲು ಹೊರಟ ಆಸನದಲ್ಲಿ ಬೇಕಾದವರೂ ನೆಮ್ಮದಿಯಾಗಿ ಕೂರಲಾರರು. ನಮ್ಮವರು ಅಮೃತಾಪುರವನ್ನು ಬಿಟ್ಟು ಕ್ಯಾಮ್ಡೆನ್ ದಾರಿ ಹಿಡಿದಿದ್ದಾರೆ.

ಕೂರುವವರನ್ನು ಗಮನಿಸಿ ನಿಯಮ ಮಾಡುವ ದಾರಿಯೂ ಇದೆ. ನ್ಯೂಯಾರ್ಕ್ ನಗರದಲ್ಲಿ ವಿಲಿಯಂ ವೈಟ್ ಎಂಬುವವರು ಚೌಕಗಳಲ್ಲಿ ಜನ ಎಲ್ಲಿ ಕೂರುತ್ತಾರೆಂದು ಚಿತ್ರೀಕರಿಸಿ ಗಮನಿಸಿದರು. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ ಎಂಬುದೇ ಅವರು ಕಂಡುಕೊಂಡ ಸತ್ಯ. 1975ರಲ್ಲಿ ಆ ನಗರ ನಿಯಮವನ್ನೇ ಬದಲಿಸಿ, ಹೊಸ ಚೌಕಗಳಲ್ಲಿ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಇರಬೇಕೆಂದು ವಿಧಿಸಿತು. ನಮ್ಮ ಟೆಂಡರ್‌ಗಳಲ್ಲಿ ಗ್ರಾನೈಟಿನ ದಪ್ಪಕ್ಕೆ ಷರತ್ತು ಇರುತ್ತದೆ, ಕೂರುವವರ ಸುಖಕ್ಕೆ ಇರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸರಳುಗಳನ್ನು ಕತ್ತರಿಸಿ ತೆಗೆಯಲಿ. ಆಸನಗಳ ಪಕ್ಕ ಹೊಂಗೆಯನ್ನೋ ಬೇವನ್ನೋ ನೆಡಲಿ. ಮುಂದಿನ ವೃತ್ತದ ನಕ್ಷೆಗೆ ಸಹಿ ಹಾಕುವ ಮುನ್ನ ಹೂ ಮಾರುವವರನ್ನು, ಪೌರಕಾರ್ಮಿಕರನ್ನು, ಹಿರಿಯ ನಾಗರಿಕರನ್ನು ಕರೆದು ಕೇಳಲಿ. ಅಲ್ಲಿಯವರೆಗೆ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಒಂದೇ ಷರತ್ತು ಸಾಕು: ಮಂಜೂರು ಮಾಡುವ ಅಧಿಕಾರಿ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಆ ಆಸನದ ಮೇಲೆ ಕಾಲು ಗಂಟೆ ಕೂತೇಳಬೇಕು.


ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ