ಭಾಷಣ ಬಂತು, ಗೋಷ್ಠಿ ಬರಲಿಲ್ಲ

ಕಳೆದ ಬಸವ ಜಯಂತಿಯ ಸಂದರ್ಭದಲ್ಲಿ ಮೊಳಕಾಲ್ಮೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಏರ್ಪಡಿಸಿದ್ದ ಭಾಷಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಷಯ, ಅನುಭವ ಮಂಟಪ ಮತ್ತು ಪ್ರಜಾಪ್ರಭುತ್ವ. ಒಟ್ಟು 11 ಮಂದಿ ಮಾತನಾಡಿದರು. ಒಬ್ಬರಿಗಿಂತ ಒಬ್ಬರ ಗಂಟಲು ಗಟ್ಟಿ. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂಬ ವಾಕ್ಯ ಎಲ್ಲರ ಬಾಯಲ್ಲೂ ಬಂತು, ಅದೇ ಏರಿಳಿತದಲ್ಲಿ, ಅದೇ ಕೈ ಎತ್ತುವಿಕೆಯೊಂದಿಗೆ. ಮೊದಲ ಬಹುಮಾನ ಪಡೆದ ಹುಡುಗ ನಿಜಕ್ಕೂ ಚೆನ್ನಾಗಿ ಮಾತನಾಡಿದ್ದ. ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಹತ್ತಿರ ಕರೆದು, "ಅಲ್ಲಪ್ಪಾ, ಆ ಮಂಟಪದಲ್ಲಿ ಇಬ್ಬರು ಶರಣರಿಗೆ ಅಭಿಪ್ರಾಯ ಭೇದ ಬಂದರೆ ಏನು ಮಾಡುತ್ತಿದ್ದರು?" ಎಂದು ಕೇಳಿದೆ. ಹುಡುಗ ಗಾಬರಿಯಾದ. "ಸಾರ್, ಪ್ರಶ್ನೆ ಕೇಳ್ತಾರೆ ಅಂತ ಯಾರೂ ಹೇಳಿರ್ಲಿಲ್ಲ" ಅಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತಪ್ಪು ಹುಡುಗನದಲ್ಲ. ಅವನಿಗೆ ಭಾಷಣ ಕಲಿಸಿದವರು ನಾವು. ನಾಲ್ಕು ಜನ ಕೂಡಿ ಒಂದು ವಿಷಯವನ್ನು ಬಿಡಿಸಿ ನೋಡುವುದನ್ನು, ಮಾತಾಡದವರನ್ನು ಮಾತಾಡಿಸುವುದನ್ನು, ಪ್ರಶ್ನೆ ಬಂದಾಗ ನಿಂತು ಯೋಚಿಸುವುದನ್ನು ನಾವು ಕಲಿಸಿಲ್ಲ. ಇದನ್ನು ಕಲಿಯದೆ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಸೇವೆಗೆ ಸೇರಿದ ಆರಂಭದ ವರ್ಷಗಳು. ಒಂದು ಹಳ್ಳಿಯ ಕೆರೆಯ ಹಳೆಯ ತೂಬು ಸೋರುತ್ತಿತ್ತು. ಹೊಸ ತೂಬಿಗೆ ಅಂದಾಜು ಪಟ್ಟಿ ತಯಾರಿಸಿ, ನಕ್ಷೆ ಬರೆದು, ಊರವರ ಸಭೆ ಕರೆದೆ. ದೇವಸ್ಥಾನದ ಕಟ್ಟೆಯ ಮೇಲೆ ಸಭೆ. ನಕ್ಷೆಯನ್ನು ಗೋಡೆಗೆ ಅಂಟಿಸಿ ಸುಮಾರು ಒಂದು ಗಂಟೆ ವಿವರಿಸಿದೆ. ಕೊನೆಗೆ "ಯಾರದಾದರೂ ಅಭಿಪ್ರಾಯ ಇದೆಯೇ?" ಎಂದೆ. ಮುಂದೆ ಕೂತಿದ್ದ ಹಿರಿಯರು "ನೀವು ಓದಿದವರು, ನಿಮಗೆ ಗೊತ್ತಿಲ್ಲದ್ದು ನಮಗೇನು ಗೊತ್ತು" ಎಂದು ಚಪ್ಪಾಳೆ ತಟ್ಟಿದರು. ಕಡತದಲ್ಲಿ ‘ಗ್ರಾಮಸ್ಥರ ಸರ್ವಾನುಮತದ ಒಪ್ಪಿಗೆ’ ಎಂದು ಬರೆದೆ. ತೂಬು ಕಟ್ಟಿದೆವು. ಎರಡನೆಯ ಮಳೆಗಾಲಕ್ಕೆ ಅದರ ಬಾಯಿ ಹೂಳಿನಲ್ಲಿ ಮುಚ್ಚಿಹೋಯಿತು. ಕೆರೆಯಲ್ಲಿ ನೀರಿದ್ದೂ ಆ ವರ್ಷ ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯಲಿಲ್ಲ.

ಏರಿಯ ಮೇಲೆ ನಿಂತು ನೋಡುತ್ತಿದ್ದಾಗ ಊರಿನ ನೀರುಗಂಟಿ ಬಂದರು. ವಯಸ್ಸಾದವರು. ಹಳ್ಳ ಬಂದು ಸೇರುವ ಆ ಮೂಲೆಯಲ್ಲಿ ಹೂಳು ನಿಲ್ಲುವುದು ತಮ್ಮ ತಂದೆಯ ಕಾಲದಿಂದಲೂ ಗೊತ್ತು, ಅದಕ್ಕೇ ಹಿಂದಿನವರು ತೂಬನ್ನು ಇನ್ನೊಂದು ಬದಿಗೆ ಇಟ್ಟಿದ್ದರು ಎಂದರು. "ಮೊದಲೇ ಹೇಳಬಾರದಿತ್ತೇ?" ಎಂದೆ. "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ ಸ್ವಾಮಿ" ಅಂದರು. ಆಮೇಲೆ ತಿಳಿಯಿತು, ಅವರ ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ. ಸಭೆಯ ದಿನ ಅವರು ಕೆಳಗೆ, ಬೇವಿನ ಮರದ ಹತ್ತಿರ ನಿಂತಿದ್ದರು. ಮನೆಯಲ್ಲಿ ಬಸವಣ್ಣನವರ ಭಾವಚಿತ್ರ ಇಟ್ಟುಕೊಂಡ ನಾನು, ಕೆರೆಯನ್ನು ಎಲ್ಲರಿಗಿಂತ ಬಲ್ಲ ಮನುಷ್ಯ ಬರಲಾಗದ ಜಾಗದಲ್ಲಿ ಸಭೆ ಇಟ್ಟಿದ್ದೆ. ಇಂಜಿನಿಯರಿಂಗ್ ಪದವಿಯಲ್ಲಿ ತೂಬಿನ ಲೆಕ್ಕ ಕಲಿಸಿದ್ದರು. ಸಭೆಯನ್ನು ಎಲ್ಲಿ ಇಡಬೇಕು, ಯಾರನ್ನು ಮೊದಲು ಕೇಳಬೇಕು ಎಂಬುದನ್ನು ಯಾರೂ ಕಲಿಸಿರಲಿಲ್ಲ.

ಹಲವು ವರ್ಷಗಳ ನಂತರ, 2002ರಲ್ಲಿ, ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಕರ್ನಾಟಕಕ್ಕೆ ಬಂತು. ಕೆರೆ ಅಭಿವೃದ್ಧಿಯ ಯೋಜನೆಯನ್ನು ಬಳಕೆದಾರರೇ ಕೂಡಿ ತಯಾರಿಸಬೇಕು ಎಂಬುದು ಅದರ ತತ್ವ. ಆ ಕಾಲದಲ್ಲಿ ಇಂಥ ಸಭೆಗಳನ್ನು ನಡೆಸುವ ಯುವಕ ಯುವತಿಯರನ್ನು ನೋಡಿದೆ. ಅವರು ಗೋಡೆಗೆ ನಕ್ಷೆ ಅಂಟಿಸುತ್ತಿರಲಿಲ್ಲ. ಬಯಲಲ್ಲಿ ರಂಗೋಲಿ ಪುಡಿ ಇಟ್ಟು, "ನಿಮ್ಮ ಕೆರೆ ಹೇಗಿದೆ, ನೀವೇ ಬರೆಯಿರಿ" ಎನ್ನುತ್ತಿದ್ದರು. ರಂಗೋಲಿ ಪುಡಿ ಕೈಗೆ ಬಂದ ಕೂಡಲೇ ಹೆಣ್ಣುಮಕ್ಕಳು ಮುಂದೆ ಬರುತ್ತಿದ್ದರು. ಬಟ್ಟೆ ಒಗೆಯುವ ಕಲ್ಲು, ದನ ಇಳಿಯುವ ದಾರಿ, ಕೋಡಿ ಬಿದ್ದಾಗ ಕೊಚ್ಚಿಹೋಗುವ ಹೊಲ ಎಲ್ಲವೂ ನೆಲದ ಮೇಲೆ ಮೂಡುತ್ತಿತ್ತು. ಆ ಹುಡುಗರು ಮಾತನಾಡುತ್ತಿದ್ದದ್ದು ಬಹಳ ಕಡಿಮೆ. ಈಗ ಇಂಥವರನ್ನು ಸುಗಮಕಾರರು ಎನ್ನುತ್ತಾರೆ. ತಾನು ಹೇಳುವುದಕ್ಕಿಂತ ಇತರರು ಹೇಳಲು ದಾರಿ ಮಾಡಿಕೊಡುವವನು ಸುಗಮಕಾರ.

ಶರಣ ಬಂಧುಗಳೇ, ಇದು ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಅನುಭವ ಮಂಟಪದ ನಡಾವಳಿ ಪುಸ್ತಕ ನಮಗೆ ಉಳಿದಿಲ್ಲ, ನಿಜ. ಆದರೆ ಸುಮಾರು ಮೂರು ಶತಮಾನಗಳ ನಂತರ, 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ಶರಣರ ವಚನಗಳನ್ನು ಒಂದರ ಹಿಂದೊಂದು ಉಪದೇಶವಾಗಿ ಜೋಡಿಸಲಿಲ್ಲ, ಸಂವಾದವಾಗಿ ಜೋಡಿಸಿದರು. ಶರಣರ ಪರಂಪರೆ ತನ್ನನ್ನು ತಾನು ನೆನಪಿಟ್ಟುಕೊಂಡದ್ದೇ ಪ್ರಶ್ನೋತ್ತರವಾಗಿ. ಶೂನ್ಯಪೀಠದ ಅಧ್ಯಕ್ಷರಾದ ಅಲ್ಲಮಪ್ರಭುಗಳು ಅಲ್ಲಿ ಮಾಡುವ ಮುಖ್ಯ ಕೆಲಸ ಪ್ರಶ್ನಿಸುವುದು. ಅಕ್ಕಮಹಾದೇವಿ ಬಂದಾಗ ಕಠಿಣವಾದ ಪ್ರಶ್ನೆಗಳನ್ನೇ ಕೇಳಿದರು, ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟರು, ಸಭೆ ಕೇಳಿಸಿಕೊಂಡಿತು. ಆಯ್ದಕ್ಕಿ ಮಾರಯ್ಯನವರು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ತಿದ್ದಿದರು, ಮಾರಯ್ಯ ತಿದ್ದಿಕೊಂಡರು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗ. ಕೆರೆ ಕಟ್ಟಿಸಿದವರು, ಹಾಗಾಗಿ ನಮ್ಮ ಇಲಾಖೆಯವರಿಗೆಲ್ಲ ಹಿರಿಯರು! ಅಲ್ಲಮರು ಕೆರೆಯ ಕೆಲಸ ನಡೆಯುವ ಜಾಗಕ್ಕೇ ಹೋಗಿ ಒರಟಾಗಿ ಮಾತಿಗೆಳೆದರು. ಕೆಲಸಗಾರರು ಸಿಟ್ಟಾಗಿ ಕಲ್ಲು ಬೀರಿದರು. ಕೊನೆಗೆ ಸಿದ್ಧರಾಮರೇ ಮಾತಿಗೆ ಕೂತರು, ‘ನಾನು ಕಟ್ಟಿಸಿದೆ’ ಎಂಬುದರ ಒಳಗನ್ನು ನೋಡಿಕೊಂಡರು, ಕಲ್ಯಾಣಕ್ಕೆ ಬಂದರು. ಕೆರೆ ಕೆಟ್ಟ ಕೆಲಸವೆಂದು ಅಲ್ಲಮರ ವಾದವಲ್ಲ. ಕಟ್ಟಿದವನು ಪ್ರಶ್ನೆಗೆ ಕಿವಿಗೊಡಬೇಕು ಎಂಬುದನ್ನು ನಾನು ಅದರಿಂದ ಕಲಿತೆ. ಸ್ವಲ್ಪ ತಡವಾಗಿ ಕಲಿತೆ.

ಇಂಥ ಪರಂಪರೆಯ ನಮ್ಮ ಸಭೆಗಳು ಇಂದು ಹೇಗಿವೆ? ವೇದಿಕೆಯ ಮೇಲೆ 20 ಕುರ್ಚಿ, ಹಾರ, ಶಾಲು. ಸ್ವಾಗತ ಭಾಷಣಕ್ಕೇ ಅರ್ಧ ಗಂಟೆ. ವಿದ್ಯಾರ್ಥಿಗಳು ಕೆಳಗೆ ಜಮಖಾನದ ಮೇಲೆ ಕೂತು ಹೇಳಿದಾಗ ಚಪ್ಪಾಳೆ ತಟ್ಟಬೇಕು. ಗೋಷ್ಠಿ 1, ಗೋಷ್ಠಿ 2 ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ, ಒಳಗೆ ನಡೆಯುವುದು ಭಾಷಣ 1, ಭಾಷಣ 2. ಬೇರೆ ರೀತಿ ಸಾಧ್ಯವಿದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. 2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ನಾಡಿನುದ್ದಕ್ಕೂ ನಡೆದ ‘ಮತ್ತೆ ಕಲ್ಯಾಣ’ದಲ್ಲಿ ವಿದ್ಯಾರ್ಥಿಗಳೊಂದಿಗೆ ಸಂವಾದಕ್ಕೆ ಪ್ರತ್ಯೇಕ ಸಮಯ ಇಟ್ಟಿದ್ದರು. ಆ ಗಂಟೆ ನಮ್ಮ ಎಲ್ಲ ಕಾರ್ಯಕ್ರಮಗಳಲ್ಲೂ ಇರಬೇಕು.

ಸ್ಪರ್ಧೆಯ ನಂತರ ನಾವು ಮೂವರು ನಿವೃತ್ತರು ಸೇರಿ ಮೊಳಕಾಲ್ಮೂರಿನಲ್ಲಿ ಶನಿವಾರ ಸಂಜೆ ವಿದ್ಯಾರ್ಥಿಗಳನ್ನು ಕೂಡಿಸತೊಡಗಿದೆವು. 15ರಿಂದ 20 ಮಕ್ಕಳು ಬರುತ್ತಾರೆ. ಕುರ್ಚಿಯಿಲ್ಲ, ವೃತ್ತಾಕಾರವಾಗಿ ನೆಲದ ಮೇಲೆ ಕೂರುತ್ತೇವೆ. ಪ್ರತಿ ವಾರ ಒಬ್ಬರು ವಿಷಯ ಮಂಡಿಸಬೇಕು, ಇನ್ನೊಬ್ಬರು ಚರ್ಚೆ ನಡೆಸಬೇಕು. ಚರ್ಚೆ ನಡೆಸುವವರಿಗೆ ಮೂರೇ ನಿಯಮ. ಎಲ್ಲರೂ ಒಮ್ಮೆ ಮಾತನಾಡುವ ತನಕ ಯಾರೂ ಎರಡನೆಯ ಸಲ ಮಾತನಾಡುವಂತಿಲ್ಲ. ಒಬ್ಬರ ಮಾತನ್ನು ವಿರೋಧಿಸುವ ಮೊದಲು ಅವರು ಹೇಳಿದ್ದನ್ನು ಅವರು ಒಪ್ಪುವಂತೆ ಮತ್ತೆ ಹೇಳಬೇಕು. ಕೊನೆಯಲ್ಲಿ, ಒಪ್ಪಿದ್ದೇನು, ಒಪ್ಪದೆ ಉಳಿದದ್ದೇನು ಎಂದು ಎರಡನ್ನೂ ಬರೆಯಬೇಕು. ಮೊದಲ ವಾರಗಳಲ್ಲಿ ಸುಮ್ಮನಿರುವುದೇ ಎಲ್ಲರಿಗೂ ಕಷ್ಟವಾಯಿತು. ನನಗೂ.

ವಿಷಯ ಮಂಡನೆಯಲ್ಲಿ ಇನ್ನೊಂದು ರೋಗ ಕಂಡಿತು. ಒಬ್ಬ ವಿದ್ಯಾರ್ಥಿ ಅಶೋಕನ ಶಾಸನಗಳ ಬಗ್ಗೆ ಪವರ್ ಪಾಯಿಂಟ್ ಮಾಡಿಕೊಂಡು ಬಂದ. ಕಳಿಂಗ ಯುದ್ಧ, ಸಾರನಾಥ, ಸಿಂಹಗಳ ಚಿತ್ರ, ಎಲ್ಲವನ್ನೂ ಪರದೆ ನೋಡಿ ಓದಿದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆಯ ಅಶೋಕನ ಶಾಸನಗಳೂ ನಮ್ಮ ತಾಲ್ಲೂಕಿನಲ್ಲೇ ಇವೆ. ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದದ್ದು 1892ರಲ್ಲಿ. "ಬಂಡೆ ನೋಡಿದ್ದೀಯಾ?" ಎಂದು ಒಬ್ಬಳು ಕೇಳಿದಳು. ಅವನು ನೋಡಿರಲಿಲ್ಲ. ಮುಂದಿನ ವಾರ ನೋಡಿ ಬಂದು ಪರದೆಯಿಲ್ಲದೆ ಐದು ನಿಮಿಷ ಮಾತನಾಡಿದ. ಆ ಐದು ನಿಮಿಷ ಯಾರೂ ಮೊಬೈಲ್ ಮುಟ್ಟಲಿಲ್ಲ.

ನೇಕಾರರ ಮನೆಯ ಹುಡುಗಿಯೊಬ್ಬಳು ಲಾಳಿಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಒಂದು ಸೀರೆಗೆ ಅಪ್ಪ ಮಗ್ಗದಲ್ಲಿ ಕೂರುವ ದಿನಗಳನ್ನೂ ಸಿಗುವ ಕೂಲಿಯನ್ನೂ ಬರೆದು ಭಾಗಿಸಿ ತೋರಿಸಿದಳು. "ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಪ್ಪನನ್ನು ಕೇಳಿದೆ, ಅವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರಿಗೆ ಅದರಿಂದ ಏನು ಬಂತು?" ಎಂದು ಕೇಳಿ ಕೂತಳು. ಆ ದಿನ ಚರ್ಚೆ ರಾತ್ರಿ ಎಂಟಾದರೂ ಮುಗಿಯಲಿಲ್ಲ. ಭಾಷಣ ಸ್ಪರ್ಧೆಯಲ್ಲಾಗಿದ್ದರೆ ಅವಳಿಗೆ ಸಮಾಧಾನಕರ ಬಹುಮಾನವೂ ಬರುತ್ತಿರಲಿಲ್ಲ. ಅಂಕಪಟ್ಟಿಯಲ್ಲಿ ಪ್ರಶ್ನೆಗೆ ಅಂಕವಿಲ್ಲ.

ಇದರಿಂದ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ಕಂಪನಿಗಳ ಆಯ್ಕೆಯಲ್ಲಿ ಗುಂಪು ಚರ್ಚೆ ಇರುವುದು ನಿಜ, ಪಟ್ಟಣದ ಮಕ್ಕಳ ಮುಂದೆ ನಮ್ಮವರು ಅಲ್ಲಿ ಬಾಯಿ ಕಟ್ಟಿಕೊಂಡು ಕೂರುವುದೂ ನಿಜ. ಅದಕ್ಕೂ ಇದು ನೆರವಾದೀತು. ಆದರೆ ಅದಕ್ಕಿಂತ ಹತ್ತಿರದ ಕೆಲಸ ಊರಲ್ಲೇ ಇದೆ. 1993ರ ಪಂಚಾಯತ್ ರಾಜ್ ಕಾನೂನು ಗ್ರಾಮಸಭೆ ಕೊಟ್ಟಿದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರದ ಆದೇಶವಿದೆ. ಅಲ್ಲಿ ಮಕ್ಕಳು ಮೇಷ್ಟ್ರು ಬರೆದುಕೊಟ್ಟ ಚೀಟಿ ಓದಿ ಕೂರುವುದನ್ನು ನಾನೇ ನೋಡಿದ್ದೇನೆ. ಆ ಸಭೆಗಳಿಗೆ ಬೇಕಾದವರು ನಮ್ಮ ಹಾಸ್ಟೆಲುಗಳಲ್ಲೇ ಇದ್ದಾರೆ.

ಮಕ್ಕಳು ಪ್ರಶ್ನೆ ಕೇಳಲು ಕಲಿತರೆ ಹಿರಿಯರ ಮೇಲೆ ಗೌರವ ಕಡಿಮೆಯಾಗುತ್ತದೆ ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಅವರ ಅಳುಕು ಸುಳ್ಳಲ್ಲ. ಪ್ರಶ್ನೆ ನಮ್ಮ ಲೆಕ್ಕಪತ್ರದ ಮೇಲೂ ಬರುತ್ತದೆ, ನಮ್ಮ ಮನೆಯ ಮದುವೆಗಳಲ್ಲಿ ಜಾತಿ ನೋಡುವುದರ ಮೇಲೂ ಬರುತ್ತದೆ. ಒಂದು ಶನಿವಾರ ಬಂದೇ ಬಂತು. "ಸಾರ್, ನಿಮ್ಮ ಮನೇಲಿ ಒಳಪಂಗಡ ಬಿಟ್ಟು ಸಂಬಂಧ ಮಾಡಿದ್ದೀರಾ?" ಎಂದು ಆ ಬಹುಮಾನದ ಹುಡುಗನೇ ಕೇಳಿದ. ಇಲ್ಲ ಎಂದೆ. ವೃತ್ತದಲ್ಲಿ ಕೂತವನು ಸುಳ್ಳು ಹೇಳುವುದು ಕಷ್ಟ. ನನಗೆ ಅವಮಾನವಾಗಲಿಲ್ಲ ಎನ್ನಲಾರೆ. ಆದರೆ ಸಿಟ್ಟು ಬರಲಿಲ್ಲ.

ಪೂಜ್ಯರಲ್ಲಿ ಮತ್ತು ಮಠಗಳ ವಿದ್ಯಾಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಭಾಷಣ, ವಚನ ಕಂಠಪಾಠದ ಸ್ಪರ್ಧೆಗಳು ಇರಲಿ, ಅವುಗಳ ಜೊತೆಗೆ ಪ್ರತಿ ಹಾಸ್ಟೆಲಿನಲ್ಲಿ ವಾರಕ್ಕೊಂದು ಗಂಟೆ ವಿದ್ಯಾರ್ಥಿಗಳೇ ನಡೆಸುವ ಗೋಷ್ಠಿ ಇರಲಿ. ಸ್ಪರ್ಧೆಯಲ್ಲಿ ಭಾಷಣ ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಕಡ್ಡಾಯವಾಗಲಿ, ಉತ್ತರಕ್ಕೆ ಅರ್ಧ ಅಂಕ ಇರಲಿ. ಒಂದು ಗೋಷ್ಠಿಯ ಅಧ್ಯಕ್ಷತೆಯನ್ನಾದರೂ ವಿದ್ಯಾರ್ಥಿಗೆ ಕೊಟ್ಟು, ನಾವು ಹಿರಿಯರು ಕೆಳಗೆ ಜಮಖಾನದ ಮೇಲೆ ಕೂರೋಣ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ.

ಆ ನೀರುಗಂಟಿ ಈಗಿಲ್ಲ. ಅವರ ಊರಿನಿಂದ ಒಬ್ಬ ಹುಡುಗ ನಮ್ಮ ಶನಿವಾರಕ್ಕೆ ಬರುತ್ತಾನೆ. ಬರುವ ವಾರ ಚರ್ಚೆ ನಡೆಸುವ ಸರದಿ ಅವನದು. ವಿಷಯ, ನಮ್ಮೂರ ಕೆರೆ. ಮೊದಲ ಸುತ್ತು ಮುಗಿಯುವ ತನಕ ನಾನು ಬಾಯಿ ತೆರೆಯುವಂತಿಲ್ಲ ಎಂದು ಈಗಲೇ ಹೇಳಿಟ್ಟಿದ್ದಾನೆ.