ಮೊದಲು ಕೈ ಪಳಗಲಿ, ಪಿಸ್ತೂಲು ಆಮೇಲೆ ಬರಲಿ

ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ನಾನು ಕೆಲಸ ಮಾಡುವ ಬ್ಯಾಂಕ್ ಶಾಖೆಗೆ ಬಂದು, ಅವಧಿಗೆ ಮುನ್ನವೇ ಠೇವಣಿ ಮುರಿಯುವ ಫಾರ್ಮ್ ಕೇಳಿದರು. ಅವರದು ಸಣ್ಣ ಕ್ಯಾಂಟೀನ್. ಮೂವತ್ತು ವರ್ಷ ಬೆಳಗ್ಗೆ ನಾಲ್ಕಕ್ಕೆದ್ದು ಕೂಡಿಸಿದ ಹಣ ಅದು. "ಮಗಳ ಮದುವೆ ನಿಶ್ಚಯವಾಯಿತೋ?" ಎಂದು ಕೇಳಿದೆ. "ಮದುವೆ ಎಲ್ಲಿ ಮಾರಾಯ್ರೆ, ಅವಳಿಗೆ ಇನ್ನೂ ಹದಿನೇಳು. ಒಂದು ಪಿಸ್ತೂಲು ತೆಗೆಸಿಕೊಡಬೇಕು" ಎಂದರು. ಪಕ್ಕದ ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು.

ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ನಮ್ಮದೇ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ, ರೈಲ್ವೆಯ ಉದ್ಯೋಗಿ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಇನ್ನೊಂದು ಕಂಚು ತಂದರು. ಅಂದಿನಿಂದ ನಮ್ಮ ಮಕ್ಕಳಲ್ಲೂ ಶೂಟಿಂಗ್ ಆಸಕ್ತಿ ಚಿಗುರಿದೆ. ಇದು ಸಂತೋಷದ ವಿಷಯ. ಈ ಕ್ರೀಡೆ ಕನ್ನಡಿಗರಿಗೆ ಹೊಸತೂ ಅಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಇಳಿದವರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್‌ನಲ್ಲಿ ಏರ್ ರೈಫಲ್ ಫೈನಲ್ ತಲುಪಿದವರು, ಇಲ್ಲೇ ನವ ಪನ್ವೇಲ್‌ನಲ್ಲಿ ತರಬೇತಿ ಕೇಂದ್ರ ಕಟ್ಟಿದವರು. ಆದರೆ ಆಸಕ್ತಿ ಹುಟ್ಟಿದ ಮರುದಿನವೇ ಠೇವಣಿ ಮುರಿಯುವ ಆತುರ ಬೇಡ ಎಂಬುದೇ ಈ ಲೇಖನದ ಉದ್ದೇಶ.

ನಾನು ಗುರಿಕಾರನಲ್ಲ. ತಮ್ಮನ ಮಗನ ಜೊತೆ ಆರು ವರ್ಷ ರೇಂಜಿನ ಬೆಂಚಿನ ಮೇಲೆ ಕುಳಿತು ಅವನ ಖರ್ಚಿನ ಲೆಕ್ಕ ಬರೆದವನು. ಆ ಲೆಕ್ಕದ ಪುಸ್ತಕ ಕಲಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಕ್ಯಾಂಟೀನ್ ಮಾಲೀಕರು ಕೊಳ್ಳಹೊರಟ ವಸ್ತು ಯಾವುದೆಂದು ತಿಳಿಯೋಣ. ಅದು ಪಾಯಿಂಟ್ 22 ರಿಮ್‌ಫೈರ್ ಪಿಸ್ತೂಲು. ಇದರ ಗುಂಡಿನ ಮದ್ದು ಹೊತ್ತಿಸುವ ರಾಸಾಯನಿಕ ತಳದ ನಡುವಿನಲ್ಲಿರುವುದಿಲ್ಲ, ಸುತ್ತಲಿನ ಅಂಚಿನಲ್ಲಿರುತ್ತದೆ. ಪಿಸ್ತೂಲಿನ ಸೂಜಿ ಆ ಅಂಚಿಗೆ ಬಡಿದಾಗ ಗುಂಡು ಹಾರುತ್ತದೆ. ಮಹಿಳೆಯರ 25 ಮೀಟರ್ ಪಿಸ್ತೂಲು, ಪುರುಷರ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಗಳೆಲ್ಲ ಇದರಲ್ಲೇ ನಡೆಯುತ್ತವೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇಂಥ ಪಿಸ್ತೂಲಿನಿಂದಲೇ. ಮನು ಭಾಕರ್ ಅವರ ಎರಡು ಕಂಚು ಮಾತ್ರ ಏರ್ ಪಿಸ್ತೂಲಿನಲ್ಲಿ ಬಂದವು. ರಿಮ್‌ಫೈರ್‌ನಲ್ಲಿ ಅವರು ಅದೇ ಪ್ಯಾರಿಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ಇವೆರಡರ ವ್ಯತ್ಯಾಸ ತಿಳಿಯದೆ ಅಂಗಡಿಗೆ ಹೋಗುವ ಹೆತ್ತವರು ನಮ್ಮಲ್ಲಿ ಅನೇಕರು.

ಎರಡನೆಯದು ಕಾನೂನು. ಏರ್ ಪಿಸ್ತೂಲು ಗಾಳಿಯ ಒತ್ತಡದಿಂದ 4.5 ಮಿ.ಮೀ. ಪೆಲೆಟ್ ಹಾರಿಸುವಂಥದ್ದು. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ 2016ರ ಆರ್ಮ್ಸ್ ರೂಲ್ಸ್ ಹೇಳುವ 20 ಜೂಲ್ ಮಿತಿಗಿಂತ ಬಹಳ ಕೆಳಗಿರುವುದರಿಂದ ಅದಕ್ಕೆ ಲೈಸೆನ್ಸ್ ಬೇಡ. ರಿಮ್‌ಫೈರ್ ಹಾಗಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕೇ. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಕಿರಿಯರು ನಿಯಮಗಳ ಷರತ್ತಿಗೊಳಪಟ್ಟು ತರಬೇತಿಗೆ ಬಳಸಬಹುದು. ತಮ್ಮ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ ಮಗಳ ಕೈಗೆ ಕೊಟ್ಟರಾಯಿತು ಎಂದು ನಮ್ಮ ಕ್ಯಾಂಟೀನ್ ಮಾಲೀಕರು ಎಣಿಸಿದ್ದರು. ಅದು ಅಷ್ಟು ಸರಳವಲ್ಲ. ವಿದೇಶಿ ಪಿಸ್ತೂಲನ್ನು ಯಾರು ಬೇಕಾದರೂ ತರಿಸುವಂತೆಯೂ ಇಲ್ಲ. ನಿಗದಿತ ಅಂಕ ಗಳಿಸಿ 'ರಿನೌನ್ಡ್ ಶಾಟ್' ಎಂಬ ಮಾನ್ಯತೆ ಪಡೆದ ಶೂಟರುಗಳು ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೂಲಕ ತರಿಸಿಕೊಳ್ಳುತ್ತಾರೆ. ಹೀಗಾಗಿ ಹೊಸಬರ ಕಣ್ಣು ಸಹಜವಾಗಿಯೇ ಸೆಕೆಂಡ್ ಹ್ಯಾಂಡ್ ಪಿಸ್ತೂಲಿನ ಮೇಲೆ ಬೀಳುತ್ತದೆ. ಅದೂ ಲೈಸೆನ್ಸ್ ಇದ್ದವರ ನಡುವೆ, ಕಾಗದಪತ್ರ ಸಹಿತ ನಡೆಯಬೇಕಾದ ವ್ಯವಹಾರ.

ಊರಿನಲ್ಲಿ ಬೆಳೆ ಕಾಯುವ ಕೋವಿ ಇಟ್ಟುಕೊಂಡ ಮನೆಯವರಿಗೆ ಇದರ ತಾಪತ್ರಯ ಗೊತ್ತು. ನವೀಕರಣ, ಪರಿಶೀಲನೆ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸುವ ಆದೇಶ. ಇನ್ನು ಮುಂಬಯಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ, ಬಂಧುಬಳಗ ಬಂದುಹೋಗುವಲ್ಲಿ, ಆ ಪಿಸ್ತೂಲನ್ನು ಭದ್ರವಾಗಿ ಇಡುವುದು ಎಲ್ಲಿ? ಬೀಗವಿರುವ ಉಕ್ಕಿನ ಪೆಟ್ಟಿಗೆ, ಗುಂಡುಗಳಿಗೆ ಬೇರೆ ಬೀಗ, ಕೀಲಿ ಒಬ್ಬರ ಕೈಯಲ್ಲಿ ಮಾತ್ರ. ಇಷ್ಟು ಸಾಧ್ಯವಿಲ್ಲದ ಮನೆಗೆ ಪಿಸ್ತೂಲು ಬರಲೇಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮೂರನೆಯದು ಲೆಕ್ಕ. ಪಿಸ್ತೂಲಿನ ಬೆಲೆ ಒಂದು ಸಲದ ಖರ್ಚು, ಗುಂಡಿನದು ಪ್ರತಿ ವಾರದ ಖರ್ಚು. ಒಂದು ಸ್ಪರ್ಧೆಗೆ 60 ಗುಂಡು. ವಾರಕ್ಕೆ ಮೂರು ದಿನ ಅಭ್ಯಾಸವೆಂದರೆ 180. ವರ್ಷಕ್ಕೆ 50 ವಾರ ಹಿಡಿದರೆ 9,000. ಬೆಲೆ ಏರಿಳಿಯುತ್ತದೆ, ಲೆಕ್ಕಕ್ಕೆಂದು ಒಂದು ಗುಂಡಿಗೆ 20 ರೂಪಾಯಿ ಹಿಡಿಯಿರಿ. ವರ್ಷಕ್ಕೆ 1,80,000 ರೂಪಾಯಿ! ಅದೇ ಏರ್ ಪಿಸ್ತೂಲಿನ ಪೆಲೆಟ್‌ಗೆ 2 ರೂಪಾಯಿ ಹಿಡಿದರೆ 18,000. ರೇಂಜಿನ ಶುಲ್ಕ, ತರಬೇತುದಾರರ ಶುಲ್ಕ, ಪ್ರಯಾಣ ಬೇರೆ. ಕೈಗೆಟಕುವ ಪಿಸ್ತೂಲು ಯಾವುದೆಂದು ಕೇಳುವವರು ಈ ಎರಡನೇ ಲೆಕ್ಕವನ್ನು ಮೊದಲು ಮಾಡಬೇಕು. ಪಿಸ್ತೂಲು ಕೊಂಡು ಗುಂಡಿಗೆ ಹಣವಿಲ್ಲದೆ ಕುಳಿತರೆ ಫಲವೇನು?

ಇನ್ನು ಭರವಸೆಯ ಮಾತು. ನಮ್ಮ ಮನೆಯಲ್ಲಾದದ್ದನ್ನೇ ಹೇಳುತ್ತೇನೆ. ತಮ್ಮನ ಮಗನಿಗೆ 21 ತುಂಬಿ ಲೈಸೆನ್ಸ್ ಆದ ಮೇಲೆ ಒಂದು ಹಳೆಯ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತು. ಮೊತ್ತದಲ್ಲಿ ಅರ್ಧ ನಾನು ಹಾಕಿದ್ದೆ. ಅಗ್ಗ ಯಾಕೆಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಅದಕ್ಕೆ ಇದ್ದದ್ದು ಒಂದೇ ಮ್ಯಾಗಜೀನ್, ಅದರ ಬಾಯಂಚು ಸವೆದಿತ್ತು. ರಿಮ್‌ಫೈರ್‌ನ ಗುಂಡು ಮೆತ್ತಗಿನ ಸೀಸ, ಮೇಲೆ ಮೇಣದ ಲೇಪ. ಬಾಯಂಚು ಸ್ವಲ್ಪ ವಾರೆಯಾದರೂ ಗುಂಡು ಓರೆಯಾಗಿ ಸಿಕ್ಕಿಬೀಳುತ್ತದೆ. ಸ್ಪರ್ಧೆಯೊಂದರಲ್ಲಿ ಎರಡು ಸಲ ಹಾಗೆಯೇ ಆಯಿತು. ಬೇರೆ ಮ್ಯಾಗಜೀನ್ ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹುಡುಗನ ಉತ್ಸಾಹವೇ ಬತ್ತಿಹೋಯಿತು. ಈಗ ಅವನು ರೇಂಜಿನ ಕಡೆ ಹೋಗುವುದಿಲ್ಲ. ಕಳೆದುಕೊಂಡ ಹಣಕ್ಕಿಂತ ಈ ನೋವು ನನಗೆ ದೊಡ್ಡದು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಏರ್ ಪಿಸ್ತೂಲು ಕೆಟ್ಟಿತು. ಅಮೂಲ್ಯ ನಿಮಿಷಗಳು ದುರಸ್ತಿಗೇ ಹೋದವು, ಫೈನಲ್ ಅಲ್ಪ ಅಂತರದಲ್ಲಿ ತಪ್ಪಿತು. ಅವರ ಹಿಂದೆ ಇಡೀ ತಂಡವಿತ್ತು. ನಮ್ಮ ಮಕ್ಕಳ ಹಿಂದೆ ಯಾರಿದ್ದಾರೆ?

ಹಾಗಾದರೆ ಸಮಯ ಬಂದಾಗ ಆರಿಸುವುದು ಹೇಗೆ? ವಾಲ್ಟರ್, ಪಾರ್ಡಿನಿ, ಮೊರಿನಿ, ಫೈನ್‌ವರ್ಕ್‌ಬೌ ಮುಂತಾದ ಯುರೋಪಿನ ಹೆಸರುಗಳು ಈ ಕ್ರೀಡೆಯಲ್ಲಿ ಪರಿಚಿತವಾದವು. ಅಮೆರಿಕದಲ್ಲಿ ರೂಗರ್ ಮಾರ್ಕ್ ಫೋರ್‌ನಂಥವು ಇವುಗಳಿಗಿಂತ ಬಹಳ ಅಗ್ಗ, ಗಟ್ಟಿಮುಟ್ಟು ಎಂದು ಜನಪ್ರಿಯ. ಆದರೆ ಅಲ್ಲಿ ಅಗ್ಗವಾದದ್ದು ಇಲ್ಲಿ ಅಗ್ಗವಾಗಬೇಕೆಂದಿಲ್ಲ, ಬಿಡಿಭಾಗ ಸಿಗಬೇಕೆಂದೂ ಇಲ್ಲ. ನನ್ನ ಸಲಹೆ ಇಷ್ಟೇ: ನೀವು ಹೋಗುವ ರೇಂಜಿನಲ್ಲಿ ಹತ್ತು ಜನ ಯಾವುದನ್ನು ಬಳಸುತ್ತಾರೋ, ಅಲ್ಲಿನ ದುರಸ್ತಿಗಾರ ಯಾವುದನ್ನು ಬಿಚ್ಚಿ ಜೋಡಿಸಬಲ್ಲನೋ, ಅದೇ ನಿಮಗೆ ಒಳ್ಳೆಯದು.

ಹಳೆಯದನ್ನು ನೋಡುವಾಗ ಕೆಲವು ಪರೀಕ್ಷೆ ಮಾಡಲೇಬೇಕು. ತರಬೇತುದಾರರನ್ನು ಜೊತೆಗೆ ಕರೆದೊಯ್ಯಿರಿ. ನಳಿಗೆಯೊಳಗೆ ತುಕ್ಕು, ಉಬ್ಬು ಇದೆಯೇ ನೋಡಲಿ. ಎರಡು ಮೂರು ಮ್ಯಾಗಜೀನ್ ಇರಲಿ. ಮಕ್ಕಳು ಮುಂದೆ ಬಳಸುವ ಗುಂಡನ್ನೇ ಹಾಕಿ, ರೇಂಜಿನಲ್ಲಿ ನೂರು ಗುಂಡು ಹೊಡೆದು ನೋಡಲಿ. ಒಂದೂ ಸಿಕ್ಕಿಬೀಳಬಾರದು. 25 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ಎತ್ತಬೇಕು, ಪಿಸ್ತೂಲು 1400 ಗ್ರಾಂ ಮೀರಬಾರದು. ತಕ್ಕಡಿಗೆ ಹಾಕಿ ಖಚಿತಪಡಿಸಿಕೊಳ್ಳಿ. ಮರದ ಹಿಡಿ ಹಿಂದಿನವರ ಅಂಗೈಗೆ ಕೆತ್ತಿದ್ದಿರುತ್ತದೆ. ಬೇರೆಯವರ ಅಳತೆಯ ಅಂಗಿಯಂತೆ ಅದು ನಮ್ಮ ಮಗುವಿಗೆ ಹೊಂದಲಾರದು. ಹಿಡಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ. ಇನ್ನೊಂದು ಎಚ್ಚರ: ತಯಾರಕರು ಆಗಬಹುದೆಂದು ಹೇಳದ ಹೊರತು ರಿಮ್‌ಫೈರ್ ಪಿಸ್ತೂಲಿನ ಟ್ರಿಗರನ್ನು ಗುಂಡಿಲ್ಲದೆ ಒತ್ತಿ ಅಭ್ಯಾಸ ಮಾಡಬಾರದು. ಸೂಜಿ ಗುಂಡಿನ ಮನೆಯ ಅಂಚಿಗೆ ಬಡಿದು ಎರಡೂ ಹಾಳಾಗುತ್ತವೆ.

ಒಳ್ಳೆಯ ಆಯುಧದಲ್ಲೇ ಕಲಿತರೆ ಬೇಗ ಮೇಲೆ ಬರುತ್ತಾರಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲೂ ಸತ್ಯಾಂಶವಿದೆ, ಕೆಟ್ಟ ಆಯುಧ ಮಗುವಿನ ಮನಸ್ಸು ಕೆಡಿಸುವುದನ್ನು ನಾನೇ ಕಂಡಿದ್ದೇನೆ. ಆದರೆ ಒಳ್ಳೆಯದು ಎಂದರೆ ಸ್ವಂತದ್ದೇ ಆಗಬೇಕೆಂದಿಲ್ಲ. 10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. 25 ಮೀಟರ್ ಪಿಸ್ತೂಲಿನ ನಿಖರ ಸುತ್ತಿನಲ್ಲಿ ಅದು 50 ಮಿ.ಮೀ. ಸಣ್ಣ ವೃತ್ತಕ್ಕೆ ಪಳಗಿದ ಕೈ ದೊಡ್ಡದಕ್ಕೆ ಹೊಂದಿಕೊಳ್ಳುತ್ತದೆ. ನಿಲ್ಲುವ ಭಂಗಿ, ಉಸಿರಿನ ಹಿಡಿತ, ಟ್ರಿಗರ್ ಒತ್ತುವ ನಯ, ಇವೆಲ್ಲ ಏರ್ ಪಿಸ್ತೂಲಿನಲ್ಲೇ ಕಲಿಯಬಹುದಾದ ಪಾಠಗಳು. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್, ಪುಣೆಯ ಬಾಲೆವಾಡಿ, ದೆಹಲಿಯ ಕರ್ಣಿ ಸಿಂಗ್ ರೇಂಜ್, ಹೀಗೆ ಹೊರನಾಡ ಕನ್ನಡಿಗರಿರುವ ನಗರಗಳಲ್ಲಿ ರೇಂಜುಗಳಿವೆ. ಮೊದಲು ಅಲ್ಲಿ ವಿಚಾರಿಸಿ. ಎರಡು ವರ್ಷ ಏರ್ ಪಿಸ್ತೂಲು, ನಂತರ ಕ್ಲಬ್ಬಿನ ರಿಮ್‌ಫೈರ್, ಅಂಕ ಸ್ಥಿರವಾದ ಮೇಲೆ ಸ್ವಂತದ್ದು. ಈ ಕ್ರಮ ತಪ್ಪದಿರಲಿ.

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳಲ್ಲಿ ಒಂದು ವಿನಂತಿ. ಯಾರಾದರೂ ಪದಕ ಗೆದ್ದ ಮೇಲೆ ಶಾಲು ಹೊದೆಸಿ, ಫಲಪುಷ್ಪ, ಸ್ಮರಣಿಕೆ ಕೊಟ್ಟು ಸನ್ಮಾನಿಸುವುದು ನಮ್ಮ ರೂಢಿ. ಅದು ಬೇಡವೆನ್ನುವುದಿಲ್ಲ. ಆದರೆ ಗೆಲ್ಲುವ ಮುನ್ನ ಕೈಹಿಡಿಯುವವರು ಬೇಕು. ಈ ಊರಿನಲ್ಲಿ ರಾತ್ರಿಶಾಲೆ ಕಟ್ಟಿ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದ ಪರಂಪರೆ ನಮ್ಮದು. ವಾರ್ಷಿಕ ಪ್ರತಿಭಾ ಪುರಸ್ಕಾರದ ನಿಧಿಯಿಂದ ಒಂದಿಬ್ಬರು ಮಕ್ಕಳ ಒಂದು ವರ್ಷದ ಪೆಲೆಟ್ ಮತ್ತು ರೇಂಜ್ ಶುಲ್ಕ ಕಟ್ಟಲು ಸಂಘಗಳಿಗೆ ಕಷ್ಟವಾಗದು. ನನ್ನ ಲೆಕ್ಕದಲ್ಲಿ ಪೆಲೆಟ್‌ಗೆ ತಗಲುವ 18,000 ರೂಪಾಯಿ ಒಂದು ವಾರ್ಷಿಕೋತ್ಸವದ ಮಂಟಪದ ಖರ್ಚಿಗಿಂತ ಹೆಚ್ಚಲ್ಲ.

ಅಂದು ಕ್ಯಾಂಟೀನ್ ಮಾಲೀಕರಿಗೆ ನಾನು ಫಾರ್ಮ್ ಕೊಡಲಿಲ್ಲ ಎಂದಲ್ಲ, ಕೊಡುವುದು ನನ್ನ ಕೆಲಸ. ಆದರೆ ಸಹಿ ಹಾಕುವ ಮುನ್ನ ಒಂದು ಸಲ ಮಗಳನ್ನು ಕರೆದುಕೊಂಡು ರೇಂಜಿಗೆ ಹೋಗಿಬನ್ನಿ ಎಂದೆ. ಹೋಗಿ ಬಂದರು. ಈಗ ಆ ಹುಡುಗಿ ವಾರಕ್ಕೆ ಮೂರು ದಿನ ಕ್ಲಬ್ಬಿನ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಠೇವಣಿ ಬ್ಯಾಂಕಿನಲ್ಲೇ ಇದೆ. ಅವಳ ಕೈ ಪಳಗಿ ಸ್ವಂತ ಪಿಸ್ತೂಲಿಗೆ ಅರ್ಹಳಾದ ದಿನ ಆ ಹಣ ಬಡ್ಡಿ ಸಮೇತ ಅವಳಿಗೆ ಒದಗಲಿ.